ಸ್ಟ್ಯಾಮಿನಾಗೆ ಪಾಯಿಂಟ್ ಸುರಿದ ನಮೆಕಿಯನ್: ನನ್ನ ಅನುಭವ

ಡ್ರಾಗನ್ ಬಾಲ್ ಝೆನೋವರ್ಸ್ 2 ಅನ್ನೋ ಫೈಟಿಂಗ್ ವಿಡಿಯೋ ಗೇಮಲ್ಲಿ ನನ್ನ ಬಿಲ್ಡ್ (ಪಾತ್ರಕ್ಕೆ ಪಾಯಿಂಟ್ ಹಂಚಿ, ಸ್ಕಿಲ್ ಆರಿಸಿ ತಯಾರು ಮಾಡಿದ ರೀತಿ) ಏನು ಅಂತ ನಮ್ಮ ಗುಂಪಿನ ಹುಡುಗರು ಈಗ ದಿನಾ ಪೀಡಿಸುತ್ತಿದ್ದಾರೆ. ಹೋದ ವರ್ಷ ಇದೇ ಹುಡುಗರು ನನ್ನ ನಮೆಕಿಯನ್‌ಗೆ (ಆಟದ ಹಸಿರು ಮೈಯ ಜಾತಿ) ‘ಹಸಿರು ಬದನೆಕಾಯಿ’ ಅಂತ ಹೆಸರಿಟ್ಟಿದ್ದರು. ‘ಮಗಾ, ಸ್ಟ್ಯಾಮಿನಾಗೆ ಯಾವನಾದ್ರೂ ಅಷ್ಟು ಪಾಯಿಂಟ್ ಹಾಕ್ತಾನಾ? ಓಡಿ ಹೋಗೋಕಾ?’ ಅಂತ ಒಬ್ಬ ವಾಯ್ಸ್ ಚಾಟಲ್ಲಿ ಎಲ್ಲರ ಮುಂದೆ ನಕ್ಕಿದ್ದ. ಸ್ಟ್ಯಾಮಿನಾ ಅಂದರೆ ಏಟು ತಪ್ಪಿಸಿಕೊಳ್ಳೋಕೆ, ತಡೆಯೋಕೆ ಖರ್ಚಾಗುವ ಬಲ. ಅವನ ಸೂಪರ್ ಸೈಯನ್ ಬ್ಲೂ (ಸೈಯನ್ ಜಾತಿಯ ನೀಲಿ ಕೂದಲಿನ ಬಲವಾದ ರೂಪ) ಈಗ ನನ್ನ ಜೊತೆ ಒನ್ ಆನ್ ಒನ್‌ಗೆ ಬರೋದಿಲ್ಲ. ಟೀಮ್ ಮ್ಯಾಚ್ ಆದರೆ ಮಾತ್ರ ಬರ್ತಾನೆ, ಅದೂ ನನ್ನ ಕಡೆಗೇ ಇದ್ದರೆ.

ಆಟ ಬಂದಿದ್ದು 2016ರ ಅಕ್ಟೋಬರ್‌ನಲ್ಲಿ. ಆಗ ಲೆವೆಲ್ ಮಿತಿ 80, ಒಂದೊಂದು ಗುಣಕ್ಕೆ 100 ಪಾಯಿಂಟ್ ಮಿತಿ. ಆಮೇಲೆ 99 ಲೆವೆಲ್, 125 ಪಾಯಿಂಟ್ ಆಯಿತು, ಅದರ ಮೇಲೂ ಏರಿದೆ. ನೆಟ್‌ನಲ್ಲಿ ಸಿಗುವ ಬಿಲ್ಡ್ ವಿಡಿಯೋಗಳಲ್ಲಿ ಅರ್ಧಕ್ಕರ್ಧ ಹಳೇ ಮಿತಿಯ ಕಾಲದವು, ಹಾಗೇ ಕಾಪಿ ಹೊಡೆದರೆ ಕೆಲಸಕ್ಕೆ ಬರೋದಿಲ್ಲ. ನಾನು ಕೊಡುವ ಅಂಕಿಗಳು 99ನೇ ಲೆವೆಲ್‌ನವು, ನೆನಪಿನಿಂದ ಬರೆದವು. ಎರಡು ಮೂರು ಪಾಯಿಂಟ್ ಆಚೀಚೆ ಇದ್ದರೆ ಜಗಳಕ್ಕೆ ಬರಬೇಡಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಸೈಯನ್, ಕಿ ಬ್ಲಾಸ್ಟ್ ಸೂಪರ್‌ಗೆ ಪೂರ್ತಿ, ಅಂದರೆ ದೂರದಿಂದ ಬಿಡುವ ಶಕ್ತಿಯ ಹೊಡೆತಕ್ಕೆ, ಉಳಿದದ್ದು ಕಿಗೆ, ಅಂದರೆ ಸ್ಕಿಲ್ ಬಳಸೋಕೆ ಬೇಕಾದ ಶಕ್ತಿಗೆ. ಫೈನಲ್ ಫ್ಲ್ಯಾಶ್ ಅನ್ನೋ ಬೀಮ್ ಹೊಡೆದರೆ ಪ್ಯಾರಲಲ್ ಕ್ವೆಸ್ಟ್‌ನ ಕಂಪ್ಯೂಟರ್ ಶತ್ರುಗಳು ಸಾಲಾಗಿ ಮಲಗುತ್ತಿದ್ದವು. ಅದನ್ನು ನೋಡಿ ನಾನೇ ದೊಡ್ಡ ಶೂರ ಅಂದುಕೊಂಡು ರ‍್ಯಾಂಕ್ಡ್‌ಗೆ ಹೋದೆ. ಅಲ್ಲಿ ಮನುಷ್ಯರು ಆಡ್ತಾರಲ್ಲ, ಬೀಮ್ ಮುಂದೆ ಯಾರು ನಿಲ್ತಾರೆ? ನಾನು ಚಾರ್ಜ್ ಮಾಡುವಷ್ಟರಲ್ಲಿ ಬೆನ್ನ ಹಿಂದೆ ಬಂದಿರುತ್ತಿದ್ದರು. ಎದುರಾಳಿ ಹೊಡೆಯಲು ಶುರು ಮಾಡಿದ ಮೇಲೆ ತಪ್ಪಿಸಿಕೊಳ್ಳೋಕೆ ನನ್ನಲ್ಲಿ ಸ್ಟ್ಯಾಮಿನಾ ಇಲ್ಲ. ಕಿ ಬಾರ್ ತುಂಬಿ ತುಳುಕುತ್ತಿದೆ, ನಾನು ನೆಲದ ಮೇಲೆ.

ಆಮೇಲೆ ಹೆಲ್ತ್‌ಗೆ ಪಾಯಿಂಟ್ ಸುರಿದ ಮಜಿನ್, ಅದು ಇನ್ನೊಂದು ಜಾತಿ. ಮಜಿನ್ ಗಟ್ಟಿ, ಏಟು ತಡ್ಕೊಳ್ತಾನೆ, ಖರೆ. ಆದರೆ ಮಜಿನ್‌ಗೆ ಸ್ಟ್ಯಾಮಿನಾ ವಾಪಸ್ ಬರುವುದು ಬಲು ನಿಧಾನ. ಒಮ್ಮೆ ಗಾರ್ಡ್ ಮುರಿದರೆ ಆ ದೊಡ್ಡ ಹೆಲ್ತ್ ಬಾರ್ ಇದ್ದೂ ಏನು ಪ್ರಯೋಜನ, ಇನ್ನೂ ಸ್ವಲ್ಪ ಹೊತ್ತು ಹೆಚ್ಚಿಗೆ ಒದೆ ತಿನ್ನೋದು ಅಷ್ಟೇ. ಫ್ರೀಝಾ ಜಾತಿಯನ್ನೂ ಮಾಡಿ ನೋಡಿದೆ. ಓಟ ಚೆನ್ನಾಗಿದೆ, ಹೊಡೆತದಲ್ಲಿ ದಮ್ಮಿಲ್ಲ. ಚಿನ್ನದ ಬಣ್ಣದ ಗೋಲ್ಡನ್ ರೂಪ ತಾಳಿದಾಗ ನೋಡೋಕೆ ಚೆಂದ, ಅಷ್ಟು ಹೇಳಬಲ್ಲೆ.

ಇಷ್ಟರಲ್ಲಿ ದುಡ್ಡಿನ ಲೆಕ್ಕವನ್ನೂ ಹೇಳಿಬಿಡ್ತೀನಿ. ಆಟ ಸ್ಟೀಮ್ ಸೇಲ್‌ನಲ್ಲಿ 500 ರೂಪಾಯಿ ಒಳಗೇ ಬಂತು. ಅಷ್ಟಕ್ಕೇ ನಿಲ್ಲೋದಿಲ್ಲ. ಡಿಎಲ್‌ಸಿ ಪ್ಯಾಕ್‌ಗಳು (ದುಡ್ಡು ಕೊಟ್ಟು ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳು) ಒಂದೊಂದಾಗಿ ಸೇರಿ ಆಟದ ಬೆಲೆಯ ನಾಲ್ಕು ಪಟ್ಟು ಆಯಿತು. ಮೊದಲ ಕಂಟ್ರೋಲರ್ 1200ಕ್ಕೆ ತಂದದ್ದು, ಎರಡೇ ತಿಂಗಳಿಗೆ ಎಡಗಡೆ ಸ್ಟಿಕ್ ತಾನಾಗೇ ಜರುಗೋಕೆ ಶುರುವಾಯ್ತು. ಅಂಗಡಿಯವನು ‘ಗೇಮ್ ಆಡಿದ್ರೆ ವಾರಂಟಿ ಇಲ್ಲ ಸರ್’ ಅಂದ. ಗೇಮ್ ಕಂಟ್ರೋಲರ್‌ನಲ್ಲಿ ಇನ್ನೇನು ಮಾಡ್ಬೇಕಿತ್ತು, ರೊಟ್ಟಿ ತಟ್ಟಬೇಕಿತ್ತಾ? ಎರಡನೆಯದು ಮೂರೂವರೆ ಸಾವಿರದ್ದು, ಇವತ್ತಿಗೂ ಗಟ್ಟಿಯಾಗಿದೆ. ಬಿಲ್ಡ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಒಳ್ಳೆ ಕಂಟ್ರೋಲರ್ ತಗೊಳ್ಳಿ, ಡಿಎಲ್‌ಸಿ ಆಮೇಲೆ. ಡಿಎಲ್‌ಸಿಯಲ್ಲಿ ಸಿಗುವ ಕೆಲವು ಸ್ಕಿಲ್‌ಗಳು ಜೋರಾಗಿವೆ ನಿಜ, ಆದರೆ ನನ್ನ ಬಿಲ್ಡ್‌ಗೆ ಬೇಕಾದದ್ದೆಲ್ಲ ಮೂಲ ಆಟದಲ್ಲೇ, ಇಲ್ಲವೇ ಫ್ರೀ ಅಪ್‌ಡೇಟ್‌ಗಳಲ್ಲೇ ಇದೆ.

ನಮೆಕಿಯನ್ ಕಡೆ ಕಣ್ಣು ಹೋಗಿದ್ದು ಸೋತ ಮ್ಯಾಚ್‌ಗಳನ್ನು ರೆಕಾರ್ಡ್ ಮಾಡಿ ನೋಡುವಾಗ. ಪ್ರತಿ ಸಲವೂ ನಾನು ಸತ್ತಿದ್ದು ಹೆಲ್ತ್ ಮುಗಿದಿದ್ದಕ್ಕಲ್ಲ, ಅದಕ್ಕೂ ಮೊದಲೇ ಸ್ಟ್ಯಾಮಿನಾ ಮುಗಿದಿದ್ದಕ್ಕೆ. ವ್ಯಾನಿಶ್ ಆಗೋಕೂ (ಥಟ್ಟನೆ ಮಾಯವಾಗಿ ಎದುರಾಳಿಯ ಹಿಂದೆ ಬರೋದು) ಸ್ಟ್ಯಾಮಿನಾ, ಕಾಂಬೋದಿಂದ ಬಿಡಿಸಿಕೊಳ್ಳುವ ಇವೇಸಿವ್‌ಗೂ ಸ್ಟ್ಯಾಮಿನಾ, ಗಾರ್ಡ್ ನಿಲ್ಲೋದೂ ಅದರ ಮೇಲೇ. ಐದು ಜಾತಿಗಳಲ್ಲಿ ಸ್ಟ್ಯಾಮಿನಾ ಬೇಗ ಮರಳುವುದು ಯಾರಿಗೆ? ನಮೆಕಿಯನ್‌ಗೆ. ಹೊಡೆತ ಸ್ವಲ್ಪ ಮೆತ್ತಗೆ ಅನ್ನೋ ಕಾರಣಕ್ಕೆ ಎಲ್ಲರೂ ಅವನನ್ನು ಮೂಲೆಗೆ ಹಾಕಿದ್ದರು.

ಹಂಚಿಕೆ ಹೀಗೆ: ಸ್ಟ್ಯಾಮಿನಾ ಪೂರ್ತಿ 125. ಬೇಸಿಕ್ ಅಟ್ಯಾಕ್ 120ರ ಹತ್ತಿರ. ಕಿ ಬ್ಲಾಸ್ಟ್‌ಗೆ ಅರವತ್ತು, ಎಪ್ಪತ್ತು. ಉಳಿದ ಚಿಲ್ಲರೆ ಹೆಲ್ತ್‌ಗೆ. ಸ್ಟ್ರೈಕ್ ಸೂಪರ್‌ಗೆ (ಕೈಕಾಲಿನ ವಿಶೇಷ ಹೊಡೆತ) ಸೊನ್ನೆ. ಕಿಗೆ ಸುಮ್ಮನೆ ಮುಟ್ಟಿಸಿದ ಹಾಗೆ, ಯಾಕಂದ್ರೆ ಅದನ್ನು ಕ್ಯೂಕ್ಯೂ ಬ್ಯಾಂಗ್ (ಎರಡು ಬಟ್ಟೆ ಬೆರೆಸಿ ಮಾಡುವ, ಗುಣಗಳ ಅಂಕಿ ಏರಿಳಿಸುವ ವಸ್ತು) ತುಂಬಬೇಕು. ಬೇಸಿಕ್ ಅಟ್ಯಾಕ್‌ನಲ್ಲಿ ಹೊಡೀತಾ ಇದ್ದರೆ ಕಿ ತಾನಾಗೇ ಏರುತ್ತೆ, ಖಾಲಿಯಾದರೂ ಹೆದರಬೇಕಿಲ್ಲ. ಎತ್ತರ ಮಧ್ಯಮಕ್ಕಿಂತ ಕಡಿಮೆ ಇಟ್ಟಿದ್ದೀನಿ. ಉದ್ದ ಇದ್ದಷ್ಟೂ ಹೆಲ್ತ್ ಹೆಚ್ಚು, ವೇಗ ಕಡಿಮೆ. ನನಗೆ ವೇಗವೇ ಬೇಕಿತ್ತು.

ಕ್ಯೂಕ್ಯೂ ಬ್ಯಾಂಗ್ ಕಥೆ ಒಂದು ಮಹಾಭಾರತ. ಎರಡು ಬಟ್ಟೆ ಹಾಕಿ ಬೆರೆಸಿದರೆ ಏನು ಬರುತ್ತೋ ದೇವರೇ ಬಲ್ಲ. ಒಂದರಲ್ಲಿ ಹೆಲ್ತ್ ಪ್ಲಸ್ ಐದು ಬಂದರೆ ಸ್ಟ್ಯಾಮಿನಾ ಮೈನಸ್ ಐದು ಬಂದು ಕೂತಿರುತ್ತೆ. ತಿಂಗಳುಗಟ್ಟಲೆ ಗಳಿಸಿದ ಝೆನಿ (ಆಟದ ದುಡ್ಡು) ಪೂರಾ ಬಟ್ಟೆಗೇ ಹೋಯಿತು, ಎಕ್ಸ್‌ಪರ್ಟ್ ಮಿಷನ್ ಆಡಿ ಆಡಿ ಬೆರಳು ಸವೆದವು. ಕೊನೆಗೆ ಸಿಕ್ಕಿದ್ದರಲ್ಲಿ ಹೆಲ್ತ್, ಕಿ ಎರಡೂ ಪ್ಲಸ್, ಸ್ಟ್ರೈಕ್ ಮೈನಸ್, ಉಳಿದದ್ದು ಪರವಾಗಿಲ್ಲ. ಸ್ಟ್ರೈಕ್ ನಾನು ಬಳಸೋದೇ ಇಲ್ಲವಲ್ಲ, ಅದು ಮೈನಸ್ ಆದರೆ ನನಗೇನು! ಆಟದ ನಷ್ಟವನ್ನು ಬೇಡದ ಗುಣದ ಮೇಲೆ ತಳ್ಳಿಬಿಡೋದು, ಅಷ್ಟೇ ಉಪಾಯ. ಯಾವ ಎರಡು ಬಟ್ಟೆ ಅಂತ ಮಾತ್ರ ಕೇಳಬೇಡಿ. ನನ್ನ ತಮ್ಮನಿಗೇ ಹೇಳಿಲ್ಲ. ಬ್ಯಾಂಗ್ ಹಾಕಿಕೊಂಡ ಮೇಲೆ ಮೈಮೇಲಿನ ಬಟ್ಟೆಯ ಅಂಕಿ ಲೆಕ್ಕಕ್ಕೇ ಬರೋದಿಲ್ಲ, ಹಾಗಾಗಿ ನಮ್ಮ ಬದನೆಕಾಯಿ ಸೂಟು ಬೂಟಲ್ಲಿ ಓಡಾಡ್ತಾನೆ.

ಪಾಯಿಂಟ್ ತಪ್ಪು ಹಂಚಿಕೊಂಡವರಿಗೆ ಶೆನ್ರಾನ್ ಅನ್ನೋ ವರ ಕೊಡುವ ಡ್ರಾಗನ್ ಇದ್ದಾನೆ. ಏಳು ಡ್ರಾಗನ್ ಬಾಲ್ ಕೂಡಿಸಿ ಕೇಳಿದರೆ ಎಲ್ಲವನ್ನೂ ವಾಪಸ್ ಕೊಡ್ತಾನೆ. ಅವನನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕರೆದೆ. ಬೇರೆಯವರು ಅಲ್ಟಿಮೇಟ್ ಸ್ಕಿಲ್, ಹೊಸ ಪಾತ್ರ ಬೇಡಿಕೊಳ್ತಿದ್ದರೆ ನನ್ನದು ಯಾವಾಗಲೂ ಇದೊಂದೇ ಬೇಡಿಕೆ. ಬೇಸಿಕ್ 100, 110, 120 ಹೀಗೆ ಬದಲಿಸಿ ಟ್ರೈನಿಂಗ್‌ನಲ್ಲಿ ಒಂದೇ ಕಾಂಬೋ ಹೊಡೆದು ಡ್ಯಾಮೇಜ್ ಬರೆದುಕೊಳ್ತಿದ್ದೆ. ಕಾಲೇಜಿನ ಲ್ಯಾಬ್ ರೆಕಾರ್ಡ್ ಕೂಡ ಅಷ್ಟು ನೀಟಾಗಿ ಬರೆದಿರಲಿಲ್ಲ.

ರೂಪಾಂತರದ ವಿಷಯ. ನಮೆಕಿಯನ್‌ಗೆ ಗುರುವಿನ ಮನೆಯಿಂದ ಸಿಗುವ ಬಿಕಮ್ ಜೈಂಟ್ ಇದೆಯಲ್ಲ, ಮನುಷ್ಯರ ಎದುರು ಅದನ್ನು ಮರೆತುಬಿಡಿ. ದೈತ್ಯನಾದ ಕೂಡಲೇ ಎದುರಾಳಿ ದೂರ ಹೋಗಿ ಬೀಮ್ ಬಿಡ್ತಾನೆ, ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ. ಕಾಯೋಕೆನ್ ಕೂಡ ಪ್ರಯತ್ನಿಸಿದೆ. ಸ್ಟ್ಯಾಮಿನಾ ತಿಂದು ಉರಿಯುವ ರೂಪ ಅದು, ನನ್ನ ಹತ್ತಿರ ಬೇಕಾದಷ್ಟಿದೆ ಅನ್ನೋ ಲೆಕ್ಕ. ಸ್ವಲ್ಪ ಹೊತ್ತು ಮಜಾ ಬಂತು. ಆದರೆ ಉಳಿಸಬೇಕಾದ್ದನ್ನೇ ಸುಡೋದು ನನ್ನ ಆಟಕ್ಕೆ ಹೊಂದಲಿಲ್ಲ. ಕೊನೆಗೆ ನಿಂತಿದ್ದು ಪೊಟೆನ್ಶಿಯಲ್ ಅನ್‌ಲೀಶ್ಡ್ ಮೇಲೆ. ಒಮ್ಮೆ ಹಚ್ಚಿದರೆ ಕಿ ಸೋರೋದಿಲ್ಲ, ಯಾವ ಜಾತಿಯವರೂ ಬಳಸಬಹುದು. ಅದನ್ನು ಹಚ್ಚುವಷ್ಟು ಕಿ ಬಾರ್ ಸಿಗಲಿ ಅಂತಲೇ ಬ್ಯಾಂಗ್‌ನಲ್ಲಿ ಕಿ ಪ್ಲಸ್‌ಗೆ ಅಷ್ಟು ಒದ್ದಾಡಿದ್ದು.

ಸ್ಕಿಲ್‌ಗಳಲ್ಲಿ ಮೀಟಿಯರ್ ಕ್ರ್ಯಾಶ್ ಕಡ್ಡಾಯ. ‘ಅದು ಸ್ಟ್ರೈಕ್ ಸ್ಕಿಲ್ ಕಣೋ, ನಿನ್ನದು ಸ್ಟ್ರೈಕ್ ಸೊನ್ನೆ’ ಅಂತ ಬುದ್ಧಿವಂತರು ಹೇಳಬಹುದು. ನಾನು ಅದನ್ನು ಇಟ್ಟುಕೊಂಡಿರೋದು ಡ್ಯಾಮೇಜಿಗಲ್ಲ, ಒಂದು ಕಾಂಬೋಗೆ ಇನ್ನೊಂದನ್ನು ಹೊಲಿಯೋಕೆ. ಸ್ಪೆಷಲ್ ಬೀಮ್ ಕ್ಯಾನನ್ ಇದೆ, ಎದುರಾಳಿಯ ಸ್ಟ್ಯಾಮಿನಾ ಮುರಿದು ಅವನು ತೂರಾಡುವಾಗ ಮಾತ್ರ. ಸೂಪರ್ ಸೋಲ್ (ಪಾತ್ರಕ್ಕೆ ಹೆಚ್ಚುವರಿ ಬಲ ಕೊಡುವ ವಸ್ತು) ಯಾವುದು ಅನ್ನೋದು ಬಟ್ಟೆಯ ಹಾಗೇ ನನ್ನ ಹತ್ತಿರವೇ ಇರಲಿ.

ಆ ನಕ್ಕವನ ಜೊತೆಗಿನ ಮ್ಯಾಚ್ ಹೇಳಿದರೆ ಬಿಲ್ಡ್ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾಗುತ್ತೆ. ಅವನು ಬಂದವನೇ ಬ್ಲೂ ಆದ. ನಾನು ಹೊಡೆಯೋಕೆ ಹೋಗಲೇ ಇಲ್ಲ. ಅವನು ಹೊಡೆದ, ನಾನು ವ್ಯಾನಿಶ್ ಆಗಿ ಹಿಂದೆ ಬಂದೆ. ಅವನೂ ವ್ಯಾನಿಶ್ ಆದ. ಮತ್ತೆ ನಾನು, ಮತ್ತೆ ಅವನು. ಇಬ್ಬರದೂ ಖರ್ಚಾಗ್ತಿದೆ, ಆದರೆ ನನ್ನದು ಮಧ್ಯೆ ಮಧ್ಯೆ ತುಂಬ್ತಿದೆ, ಅವನದು ಇಲ್ಲ. ನನ್ನ ಕಣ್ಣು ಅವನ ಮೇಲಿರಲಿಲ್ಲ, ಅವನ ಬಾರ್ ಮೇಲಿತ್ತು. ಒಂದು ಸಣ್ಣ ಕಾಂಬೋ ಕೊಟ್ಟೆ, ಗಾಬರಿಯಿಂದ ಇವೇಸಿವ್ ಒತ್ತಿ ಉಳಿದಿದ್ದನ್ನೂ ಕಳ್ಕೊಂಡ. ಅಲ್ಲಿಗೆ ಅವನ ಕೈಲಿ ಏನೂ ಇಲ್ಲ. ಹೆವಿ ಚಾರ್ಜ್ ಮಾಡಿ ಗಾರ್ಡ್ ಒಡೆದೆ, ಐದು ಏಟು, ಮೀಟಿಯರ್ ಕ್ರ್ಯಾಶ್, ಮತ್ತೆ ಐದು ಏಟು. ಬ್ಲೂ ರೂಪ ಕಿ ಕುಡೀತಾನೇ ಇರುತ್ತಲ್ಲ, ನಾನು ಹೊಡೀತಿರುವಾಗಲೇ ಅವನ ಕೂದಲಿನ ನೀಲಿ ಇಳಿದು ಕಪ್ಪಾಯಿತು. ಹೆಡ್‌ಸೆಟ್‌ನಲ್ಲಿ ‘ಲ್ಯಾಗ್ ಗುರೂ, ಲ್ಯಾಗ್’ ಅನ್ನೋ ಕೂಗು. ಇಬ್ಬರೂ ಒಂದೇ ಊರು, ಒಂದೇ ಕಂಪನಿಯ ಫೈಬರ್. ಎಲ್ಲಿಯ ಲ್ಯಾಗ್!

ಲ್ಯಾಗ್ ಇರೋದು ದೂರದವರ ಜೊತೆ ಆಡುವಾಗ. ಆಗ ವ್ಯಾನಿಶ್ ಟೈಮಿಂಗ್ ಅರ್ಧ ಸೆಕೆಂಡ್ ಮೊದಲೇ ಒತ್ತಬೇಕು, ಹತ್ತರಲ್ಲಿ ಮೂರು ಹಾಳಾಗುತ್ತೆ. ಅಂಥವರ ಎದುರು ಈ ಬಿಲ್ಡ್‌ನ ಬಲ ಕಡಿಮೆ ಅಂತ ಒಪ್ಪಿಕೊಳ್ತೀನಿ. ದೂರ ನಿಂತು ಕಿ ಬ್ಲಾಸ್ಟ್ ಬಿಡುವವರು ಹತ್ತಿರ ಬಿಟ್ಟುಕೊಳ್ಳೋದೇ ಇಲ್ಲ. ಕಿ ಬ್ಲಾಸ್ಟ್‌ಗೆ ಅರವತ್ತಾದರೂ ಇಟ್ಟಿರೋದು ಅವರಿಗೋಸ್ಕರ. ಆರು ಜನ ಸೇರುವ ಎಕ್ಸ್‌ಪರ್ಟ್ ಮಿಷನ್‌ಗಳಿಗೆ ಇದು ಬೇಡ, ಅಲ್ಲಿಗೆ ನನ್ನ ಹಳೇ ಬೀಮ್ ಸೈಯನ್ ಈಗಲೂ ಹೋಗ್ತಾನೆ.

ಸದ್ಯಕ್ಕೆ ಒಬ್ಬ ಅರ್ತ್‌ಲಿಂಗ್ (ಮನುಷ್ಯ ಜಾತಿ) ಹುಡುಗಿಯನ್ನು 60ನೇ ಲೆವೆಲ್ ಆಸುಪಾಸಿಗೆ ತಂದಿದ್ದೀನಿ. ಅರ್ತ್‌ಲಿಂಗ್‌ಗೆ ಕಿ ತಾನಾಗೇ ತುಂಬುತ್ತಲ್ಲ, ಇದೇ ಹಂಚಿಕೆಯಲ್ಲಿ ಕಿ ಪಾಯಿಂಟ್ ಪೂರಾ ತೆಗೆದು ಹೆಲ್ತ್‌ಗೆ ಹಾಕಿದರೆ ಹೇಗೆ ಅಂತ. ಶೆನ್ರಾನ್‌ಗೆ ಇನ್ನೆರಡು ಡ್ರಾಗನ್ ಬಾಲ್ ಬಾಕಿ.