ಬ್ರಿಟನ್ನಿನಲ್ಲಿ ಮಾರ್ಕೆಟಿಂಗ್ ಓದುವವರಿಗೆ: ಅಂಕಿ-ಅಂಶ ಎಲ್ಲಿ ಸಿಗುತ್ತದೆ, ಹೇಗೆ ಸಿಗುತ್ತದೆ

ಮಾರ್ಕೆಟಿಂಗ್ ಓದಲು ನಾನು ಇಂಗ್ಲೆಂಡಿಗೆ ಹೊರಟಾಗ, ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿ ಕೊಬ್ಬರಿ ಮಂಡಿ ನಡೆಸುವ ನನ್ನ ಸೋದರಮಾವ ಹೇಳಿ ಕಳಿಸಿದ್ದು ಒಂದೇ ಮಾತು: "ಆ ಕಡೆ ಕೊಬ್ಬರಿ ಯಾರು ತಗೋತಾರೆ, ಎಷ್ಟು ತಗೋತಾರೆ, ತಿಳ್ಕೊಂಡು ಬಾ." ಮೊದಲ ಸೆಮಿಸ್ಟರಿನ ಅಸೈನ್‌ಮೆಂಟಿಗೆ ವಿಷಯ ಆರಿಸಿಕೊಳ್ಳಲು ಹೇಳಿದಾಗ ನಾನು ಆ ಪ್ರಶ್ನೆಯನ್ನೇ ಎತ್ತಿಕೊಂಡೆ. ಎರಡು ವಾರ ಗೂಗಲ್ ತಡಕಾಡಿ, ವರದಿ ಮಾರುವ ಒಂದು ಜಾಲತಾಣದ ಜಾಹೀರಾತು ಪುಟದಲ್ಲಿ ಪುಕ್ಕಟೆ ಕಂಡ ದೊಡ್ಡದೊಂದು ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಕೂರಿಸಿದೆ. ಅಸೈನ್‌ಮೆಂಟ್ ಮರಳಿ ಬಂದಾಗ ಆ ಸಾಲಿನ ಪಕ್ಕದಲ್ಲಿ ಅಧ್ಯಾಪಕರು ಬರೆದಿದ್ದರು: ಇದನ್ನು ಎಣಿಸಿದವರು ಯಾರು?

ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಗೂಗಲ್‌ನಿಂದಲ್ಲ, ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಶುರುವಾಗುತ್ತದೆ ಎಂಬುದನ್ನು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಹೋಗುವ ನಮ್ಮ ಹುಡುಗ ಹುಡುಗಿಯರು ಮೊದಲ ವಾರದಲ್ಲೇ ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ಗ್ರಂಥಾಲಯವೆಂದರೆ ಪಠ್ಯಪುಸ್ತಕ ಎರವಲು ಪಡೆಯುವ ಜಾಗ, ಇಲ್ಲವೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬೆಳಿಗ್ಗೆ ಬೇಗ ಬಂದು ಸೀಟು ಹಿಡಿಯುವ ಜಾಗ. ಅಲ್ಲಿ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಬಿಸಿನೆಸ್ ವಿಭಾಗಕ್ಕೆಂದೇ ಒಬ್ಬ ವಿಷಯ ಗ್ರಂಥಪಾಲಕರು ಇರುತ್ತಾರೆ. ಅವರ ಬಳಿ ಸಮಯ ಗೊತ್ತು ಮಾಡಿಕೊಂಡು ಹೋಗಿ, "ತೆಂಗಿನ ಪದಾರ್ಥಗಳ ಮಾರುಕಟ್ಟೆಯ ಬಗ್ಗೆ ಬರೆಯುತ್ತಿದ್ದೇನೆ, ಎಲ್ಲಿಂದ ಶುರು ಮಾಡಲಿ?" ಎಂದು ಕೇಳಬಹುದು. ಅದು ಅವರ ಕೆಲಸವೇ. ತೊಂದರೆ ಕೊಟ್ಟ ಹಾಗಲ್ಲ. ದೊಡ್ಡವರ ಸಮಯ ಹಾಳು ಮಾಡಬಾರದೆಂಬ ನಮ್ಮ ಸಂಕೋಚವನ್ನು ಇಲ್ಲಿ ಬದಿಗಿಡಬೇಕು, ಏಕೆಂದರೆ ನೀವು ಕಟ್ಟಿದ ಫೀಸಿನಲ್ಲಿ ಆ ಅರ್ಧ ಗಂಟೆಯೂ ಸೇರಿದೆ.

ಅದೇ ಫೀಸಿನಲ್ಲಿ ಸೇರಿರುವ ಇನ್ನೊಂದು ಸಂಪತ್ತೆಂದರೆ ಮಾರುಕಟ್ಟೆ ವರದಿಗಳ, ಅಂಕಿಗಳ ಆನ್‌ಲೈನ್ ಭಂಡಾರಗಳಾದ ಡೇಟಾಬೇಸ್‌ಗಳು. ಮಿಂಟೆಲ್, ಯೂರೋಮಾನಿಟರ್‌ನವರ ಪಾಸ್‌ಪೋರ್ಟ್, ಸ್ಟಾಟಿಸ್ಟಾ, ಮಾರ್ಕೆಟ್‌ಲೈನ್, ಐಬಿಐಎಸ್‌ವರ್ಲ್ಡ್, ಕಂಪನಿಗಳ ಲೆಕ್ಕಪತ್ರಕ್ಕೆ ಫೇಮ್: ಇವೆಲ್ಲ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇರುವುದಿಲ್ಲ. ನಿಮ್ಮ ಗ್ರಂಥಾಲಯ ಯಾವುದಕ್ಕೆ ಚಂದಾ ಕಟ್ಟಿದೆ ಎಂಬುದು ಅದರ ಜಾಲತಾಣದಲ್ಲಿ ಎ ಯಿಂದ ಝಡ್ ವರೆಗಿನ ಪಟ್ಟಿಯಲ್ಲಿ ಕಾಣುತ್ತದೆ. ಮುಖ್ಯವಾದ ಮಾತೆಂದರೆ, ಆ ಪಟ್ಟಿಯ ಕೊಂಡಿಯ ಮೂಲಕವೇ ಒಳಹೋಗಿ ವಿಶ್ವವಿದ್ಯಾಲಯದ ಲಾಗಿನ್ ಕೊಡಬೇಕು. ನೇರವಾಗಿ ಆ ಕಂಪನಿಯ ಜಾಲತಾಣಕ್ಕೆ ಹೋದರೆ ಅದು ನಿಮ್ಮನ್ನು ಹೊರಗಿನವರೆಂದು ತಿಳಿದು, ಒಂದೊಂದು ವರದಿಗೂ ಭಾರಿ ಬೆಲೆ ಕೇಳುತ್ತದೆ. ನನ್ನ ಸಹಪಾಠಿಯೊಬ್ಬರು ಹೀಗೆ ನೇರವಾಗಿ ಹೋಗಿ, ಊರಿನಿಂದ ತರಿಸಿಕೊಂಡ ದುಡ್ಡು ಕೊಟ್ಟು ಒಂದು ವರದಿ ಕೊಂಡರು; ಅದೇ ವರದಿ ಗ್ರಂಥಾಲಯದ ಲಾಗಿನ್‌ನಲ್ಲಿ ಪುಕ್ಕಟೆ ಇತ್ತು.

ಒಳಗೆ ಹೋದ ಮೇಲೆ ಎದುರಾಗುವ ಮೊದಲ ನಿರಾಸೆ ಹುಡುಕು ಪದದ್ದು. ಮಿಂಟೆಲ್‌ನಲ್ಲಿ "ತೆಂಗು" ಎಂದು ಹುಡುಕಿದರೆ ಆ ಹೆಸರಿನ ವರದಿ ಸಿಕ್ಕೇ ಸಿಗುತ್ತದೆಂದು ನಂಬುವಂತಿಲ್ಲ, ಏಕೆಂದರೆ ಅವರು ಮಾರುಕಟ್ಟೆಯನ್ನು ಬೆಳೆಯ ಪ್ರಕಾರ ಅಲ್ಲ, ಅಂಗಡಿಯ ಶೆಲ್ಫಿನ ಪ್ರಕಾರ ವಿಂಗಡಿಸುತ್ತಾರೆ. ಎಳನೀರನ್ನು ಹಣ್ಣಿನ ರಸದ ವರದಿಯಲ್ಲಿ, ತೆಂಗಿನ ಹಾಲನ್ನು ಸಸ್ಯಜನ್ಯ ಹಾಲಿನ ವರದಿಯಲ್ಲಿ, ಕೊಬ್ಬರಿ ಎಣ್ಣೆಯನ್ನು ಒಮ್ಮೆ ಅಡುಗೆ ಎಣ್ಣೆಯಲ್ಲಿ, ಇನ್ನೊಮ್ಮೆ ಕೂದಲಿನ ಆರೈಕೆಯಲ್ಲಿ ಹುಡುಕಬೇಕು. ಮಂಡಿಯಲ್ಲಿ ಕೊಬ್ಬರಿಯ ರಾಶಿ ನೋಡಿ ಬೆಳೆದವರಿಗೆ ಇದು ತಲೆಕೆಳಗಾಗಿ ಕಂಡರೂ, ಕೊಳ್ಳುವವರ ಕಣ್ಣಿನಿಂದ ಸರಕನ್ನು ನೋಡುವುದನ್ನು ನನಗೆ ಕಲಿಸಿದ್ದು ತರಗತಿಗಿಂತ ಹೆಚ್ಚಾಗಿ ಈ ವಿಂಗಡಣೆಯೇ.

ವರದಿ ಸಿಕ್ಕಿದ ಮೇಲೆ ಪ್ರತಿ ನಕ್ಷೆಯ ಕೆಳಗೆ ಸಣ್ಣಕ್ಷರದಲ್ಲಿರುವ ಸಾಲನ್ನು ಮೊದಲು ಓದಿ. ಅಲ್ಲಿ ಎಷ್ಟು ಜನರನ್ನು, ಯಾವ ವಯಸ್ಸಿನವರನ್ನು, ಯಾವ ತಿಂಗಳಲ್ಲಿ, ಹೇಗೆ ಕೇಳಿದರೆಂದು ಬರೆದಿರುತ್ತದೆ. ನಕ್ಷೆಯಲ್ಲಿ ಶೇಕಡಾ 40 ಎಂದಿದ್ದರೆ ಅದು ದೇಶದ ಶೇಕಡಾ 40 ಜನರೋ, ಆ ಪದಾರ್ಥವನ್ನು ಈಗಾಗಲೇ ಕೊಳ್ಳುವವರಲ್ಲಿ ಶೇಕಡಾ 40 ಜನರೋ ಎಂಬ ವ್ಯತ್ಯಾಸ ಆ ಒಂದು ಸಾಲಿನಲ್ಲಿ ಅಡಗಿರುತ್ತದೆ, ಮತ್ತು ಹೊಸಬರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ. ಸ್ಟಾಟಿಸ್ಟಾದ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು: ಅದು ಬಹುಪಾಲು ಬೇರೆಯವರ ಅಂಕಿಗಳನ್ನು ಒಂದೆಡೆ ಸೇರಿಸಿ ಕೊಡುವ ಅಂಗಡಿ. ನಕ್ಷೆಯ ಪಕ್ಕದಲ್ಲಿ ತೋರಿಸಿರುವ ಮೂಲಕ್ಕೆ ಹೋಗಿ, ಸಾಧ್ಯವಾದರೆ ಆ ಮೂಲವನ್ನೇ ಉಲ್ಲೇಖಿಸಬೇಕು. ಇಬ್ಬರು ಒಂದೇ ಮಾರುಕಟ್ಟೆಗೆ ಬೇರೆ ಬೇರೆ ಗಾತ್ರ ಹೇಳಿದರೆ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದಲ್ಲ; ಒಬ್ಬರು ಅಂಗಡಿಯ ಮಾರಾಟವನ್ನು ಮಾತ್ರ ಹಿಡಿದಿರಬಹುದು, ಇನ್ನೊಬ್ಬರು ಹೋಟೆಲಿನದನ್ನೂ ಸೇರಿಸಿರಬಹುದು. ಅಂದ ಹಾಗೆ, ಮಿಲಿಯನ್ ಎಂದರೆ 10 ಲಕ್ಷ, ಬಿಲಿಯನ್ ಎಂದರೆ 100 ಕೋಟಿ. ಊರಿನವರಿಗೆ ಫೋನಿನಲ್ಲಿ ವಿವರಿಸುವಾಗ ನಾನೇ ಒಂದೆರಡು ಸೊನ್ನೆ ನುಂಗಿದ್ದುಂಟು.

ಚಂದಾ ಬೇಕಿಲ್ಲದ, ಯಾರಾದರೂ ಮನೆಯಿಂದಲೇ ನೋಡಬಹುದಾದ ಸರ್ಕಾರಿ ಮೂಲಗಳು ಬ್ರಿಟನ್ನಿನಲ್ಲಿ ಬಹಳ ಸಮೃದ್ಧವಾಗಿವೆ, ಮತ್ತು ನನ್ನ ಮಟ್ಟಿಗೆ ವಿದ್ಯಾರ್ಥಿಗಳು ಅತಿ ಕಡಿಮೆ ಬಳಸುವುದೂ ಅವನ್ನೇ. ಸೋದರಮಾವನ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಅಲ್ಲಿನ ತೆರಿಗೆ ಮತ್ತು ಸುಂಕದ ಇಲಾಖೆ ನಡೆಸುವ ಯುಕೆ ಟ್ರೇಡ್ ಇನ್ಫೋ ಎಂಬ ಜಾಲತಾಣದಲ್ಲಿ. ಅಲ್ಲಿ ಸರಕಿನ ಹೆಸರಿಗಿಂತ ಸಂಕೇತ ಮುಖ್ಯ: ಕೊಬ್ಬರಿಗೆ 1203, ಒಣ ತೆಂಗಿನ ತುರಿಗೆ 080111, ಕೊಬ್ಬರಿ ಎಣ್ಣೆಗೆ 1513ರಿಂದ ಶುರುವಾಗುವ ಸಂಕೇತಗಳು. ಸಂಕೇತ ಕೊಟ್ಟರೆ ಯಾವ ದೇಶದಿಂದ, ಎಷ್ಟು ಕಿಲೋ, ಎಷ್ಟು ಪೌಂಡಿನ ಸರಕು ಬಂತೆಂಬ ಪಟ್ಟಿ ಬರುತ್ತದೆ. ಅದರಲ್ಲಿ ನೆದರ್ಲೆಂಡ್ಸಿನ ಹೆಸರು ಕಂಡರೆ ಗಾಬರಿಯಾಗಬೇಡಿ. ಅಲ್ಲಿ ತೆಂಗು ಬೆಳೆಯುವುದಿಲ್ಲ. ರಾಟರ್‌ಡ್ಯಾಂ ಬಂದರಿನಲ್ಲಿ ಇಳಿದು ಮುಂದೆ ಬಂದ ಸರಕು ಆ ದೇಶದ ಲೆಕ್ಕಕ್ಕೆ ಸೇರಿರಬಹುದು. ಪಟ್ಟಿಯನ್ನು ಮಾವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದಾಗ ಅವರು ಮೊದಲು ಕಿಲೋದ ಕಾಲಂ ನೋಡಿ, ಪೌಂಡಿನ ಮೊತ್ತವನ್ನು ಅದರಿಂದ ಭಾಗಿಸಿ, ಕ್ವಿಂಟಾಲಿನ ದರ ಲೆಕ್ಕ ಹಾಕಿ ಹೇಳಿದರು. ಆ ಕೆಲಸ ನನಗೆ ತೋಚಿರಲಿಲ್ಲ.

ಜನರ ಬಗ್ಗೆ ತಿಳಿಯಲು ಜನಗಣತಿ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಣತಿ ನಡೆದದ್ದು 2021ರ ಮಾರ್ಚ್ 21ರಂದು, ಸ್ಕಾಟ್‌ಲೆಂಡಿನದು ಒಂದು ವರ್ಷ ತಡವಾಗಿ 2022ರಲ್ಲಿ. ಎರಡನ್ನೂ ಒಂದೇ ವರ್ಷದ್ದೆಂದು ಕೂಡಿಸಬಾರದು. ರಾಷ್ಟ್ರೀಯ ಅಂಕಿಅಂಶ ಕಚೇರಿಯ ಪರವಾಗಿ ಡರ್ಹಾಮ್ ವಿಶ್ವವಿದ್ಯಾಲಯ ನಡೆಸುವ ನೋಮಿಸ್ ಎಂಬ ಜಾಲತಾಣದಲ್ಲಿ ಊರು, ಬಡಾವಣೆಯ ಮಟ್ಟದವರೆಗೂ ಅಂಕಿಗಳು ಸಿಗುತ್ತವೆ. ಲೆಸ್ಟರ್ ನಗರದ ಜನರಲ್ಲಿ ಶೇಕಡಾ 43.4 ಮಂದಿ ತಮ್ಮನ್ನು ಏಷ್ಯನ್ ಮೂಲದವರೆಂದು ಬರೆಸಿದ್ದಾರೆಂಬುದು, ಕೊಬ್ಬರಿ ಎಣ್ಣೆ ಮಾರಲು ಹೊರಟವರಿಗೆ ಯಾವ ದುಬಾರಿ ವರದಿಗಿಂತಲೂ ಹೆಚ್ಚಿನದನ್ನು ಹೇಳುತ್ತದೆ. ಆದರೆ ಅದೇ ಗಣತಿಯಲ್ಲಿ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆಂಬ ಅಂಕಿಯನ್ನು ನೆಚ್ಚಿಕೊಳ್ಳಬೇಡಿ, ಏಕೆಂದರೆ ಆಗ ಕೋವಿಡ್ ನಿರ್ಬಂಧಗಳಿದ್ದು ಬಹಳಷ್ಟು ಮಂದಿ ಮನೆಯಲ್ಲೇ ಕೂತಿದ್ದರು.

ಕಂಪನಿಗಳ ವಿವರಕ್ಕೆ, ಅಲ್ಲಿನ ಸರ್ಕಾರಿ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ದಾಖಲೆಗಳನ್ನು ಪುಕ್ಕಟೆ ತೆರೆದು ಓದಬಹುದು. ಬ್ರ್ಯಾಂಡಿನ ಹೆಸರೇ ಕಂಪನಿಯ ಹೆಸರಾಗಿರುತ್ತದೆಂದು ತಿಳಿಯಬಾರದು: ವೀಟಾ ಕೋಕೋ ಎಳನೀರನ್ನು ಅಲ್ಲಿ ಮಾರುವ ಸಂಸ್ಥೆಯ ಹೆಸರು ಆಲ್ ಮಾರ್ಕೆಟ್ ಯೂರೋಪ್. ಪೊಟ್ಟಣದ ಹಿಂಬದಿಯ ವಿಳಾಸ ಓದಿದರೆ ಇಂಥ ಸುಳಿವು ಸಿಗುತ್ತದೆ. ಎಷ್ಟೋ ಸಣ್ಣ ಕಂಪನಿಗಳ ಲೆಕ್ಕದಲ್ಲಿ ಲಾಭ-ನಷ್ಟದ ಪುಟವೇ ಇರುವುದಿಲ್ಲ. ಅದಕ್ಕೆ ನಿಮ್ಮ ಹುಡುಕಾಟ ಕಾರಣವಲ್ಲ.

ನಿಮ್ಮ ವಿಶ್ವವಿದ್ಯಾಲಯದಲ್ಲಿ ಬೇಕಾದ ಡೇಟಾಬೇಸ್ ಇಲ್ಲದಿದ್ದರೆ ಬೇರೆ ಬಾಗಿಲುಗಳಿವೆ. ಸ್ಕೋನಲ್ ಆಕ್ಸೆಸ್ ಎಂಬ ವ್ಯವಸ್ಥೆಯಲ್ಲಿ ಬೇರೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಓದಬಹುದು, ಆದರೆ ಅವರ ಆನ್‌ಲೈನ್ ಡೇಟಾಬೇಸ್ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಅದಕ್ಕೆ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿರುವ ಬ್ರಿಟಿಷ್ ಲೈಬ್ರರಿಯ ಬಿಸಿನೆಸ್ ಅಂಡ್ ಐಪಿ (ಬೌದ್ಧಿಕ ಆಸ್ತಿ) ಸೆಂಟರ್ ಒಳ್ಳೆಯ ಜಾಗ. ಮಾರುಕಟ್ಟೆ ವರದಿಗಳನ್ನು ಅಲ್ಲೇ ಕೂತು ಪುಕ್ಕಟೆ ಓದಬಹುದು, ಮತ್ತು ಬರ್ಮಿಂಗ್‌ಹ್ಯಾಮ್, ಲೀಡ್ಸ್, ಮ್ಯಾಂಚೆಸ್ಟರ್‌ನಂಥ ನಗರಗಳ ಸಾರ್ವಜನಿಕ ಗ್ರಂಥಾಲಯಗಳಲ್ಲೂ ಇಂಥ ಕೇಂದ್ರಗಳಿವೆ. 2023ರ ಅಕ್ಟೋಬರಿನ ಸೈಬರ್ ದಾಳಿ ಬ್ರಿಟಿಷ್ ಲೈಬ್ರರಿಯ ಆನ್‌ಲೈನ್ ಸೇವೆಗಳನ್ನು ಕೆಡವಿ, ಅವು ಮರಳಲು ಬಹುಕಾಲ ಹಿಡಿಯಿತು. ರೈಲು ಟಿಕೆಟ್ ಮಾಡಿಸುವ ಮುಂಚೆ ಬೇಕಾದದ್ದು ಲಭ್ಯವಿದೆಯೇ ಎಂದು ನೋಡಿಕೊಳ್ಳಿ. ಅಲ್ಲಿ ನೀವಿರುವ ಊರಿನ ಸಾರ್ವಜನಿಕ ಗ್ರಂಥಾಲಯದ ಕಾರ್ಡಿಗೆ ದುಡ್ಡು ಕೊಡಬೇಕಿಲ್ಲ. ನಮ್ಮಲ್ಲಿ 1965ರ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ವಸೂಲಾಗುವ ಹಾಗೆ, ಅಲ್ಲಿ 1964ರ ಕಾಯ್ದೆಯ ಪ್ರಕಾರ ಗ್ರಂಥಾಲಯ ನಡೆಸುವುದು ಸ್ಥಳೀಯ ಆಡಳಿತದ ಹೊಣೆ.

ನೀವೇ ಪ್ರಶ್ನಾವಳಿ ಮಾಡಿ ಜನರನ್ನು ಕೇಳುವುದಾದರೆ, ಒಬ್ಬರನ್ನು ಕೇಳುವ ಮುಂಚೆಯೇ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. ಉತ್ತರಿಸುವವರಿಗೆ ಉದ್ದೇಶ ತಿಳಿಸಿ, ಸಮ್ಮತಿ ಪಡೆದು, ಅವರ ಮಾಹಿತಿಯನ್ನು 2018ರ ದತ್ತಾಂಶ ರಕ್ಷಣಾ ಕಾಯ್ದೆಗೆ ತಕ್ಕಂತೆ ಕಾಪಾಡಬೇಕು. ಒಪ್ಪಿಗೆಗೆ ಮೊದಲು ಸಂಗ್ರಹಿಸಿದ ಉತ್ತರಗಳನ್ನು ಬಳಸಲು ಬಿಡುವುದಿಲ್ಲ. ಗೂಗಲ್ ಫಾರ್ಮನ್ನು ತುಮಕೂರಿನ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ, ಚಿಕ್ಕಮ್ಮಂದಿರ ಉತ್ತರವನ್ನು "ಬ್ರಿಟನ್ನಿನ ಗ್ರಾಹಕರ ಅಭಿಪ್ರಾಯ" ಎಂದು ತೋರಿಸುವವರನ್ನು ನಾನು ಕಂಡಿದ್ದೇನೆ. ಪರೀಕ್ಷಕರು ಅದನ್ನು ಸುಲಭವಾಗಿ ಹಿಡಿಯುತ್ತಾರೆ.

ಕೊನೆಗೊಂದು ಲೌಕಿಕ ವಿಷಯ. ಡೇಟಾಬೇಸ್‌ನ ವರದಿಗಳು ನಿಮ್ಮ ಓದಿಗಾಗಿ ಮಾತ್ರ. ಪಿಡಿಎಫ್ ಅನ್ನು ಊರಿನ ವ್ಯಾಪಾರಿಗಳಿಗೆ ಕಳಿಸಿದರೆ ಪರವಾನಗಿಯ ಉಲ್ಲಂಘನೆಯಾಗುತ್ತದೆ. ಮಾವನಿಗೆ ನಾನು ಕಳಿಸಿದ್ದು ಸರ್ಕಾರಿ ಪಟ್ಟಿ, ಅದಕ್ಕೆ ಅಡ್ಡಿಯಿಲ್ಲ. ಕೋರ್ಸ್ ಮುಗಿದ ಮೇಲೆ ಲಾಗಿನ್ ನಿಂತುಹೋಗುತ್ತದೆ, ಆದ್ದರಿಂದ ಪ್ರತಿ ಅಂಕಿಯ ಜೊತೆಗೆ ವರದಿಯ ಹೆಸರು, ಪ್ರಕಟವಾದ ತಿಂಗಳು, ಪುಟ, ನೀವು ನೋಡಿದ ದಿನಾಂಕ ಇವಿಷ್ಟನ್ನು ಅಂದಂದೇ ಬರೆದಿಟ್ಟುಕೊಳ್ಳಿ.