ಎವಾಪರೇಟರಿನ ಟ್ಯೂಬಿಗೆ ಲೋಹ ಆಯ್ದುಕೊಂಡ ಬಗೆ

ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಕಬ್ಬಿನ ರಸವನ್ನು ಕುದಿಸಿ ಮಂದಗೊಳಿಸುವ ಎವಾಪರೇಟರಿನ ಕೊನೆಯ ಎರಡು ಬಾಡಿಗಳ (ಒಂದರ ನಂತರ ಒಂದಾಗಿ ಜೋಡಿಸಿದ ಪಾತ್ರೆಗಳ) ಹಿತ್ತಾಳೆ ಟ್ಯೂಬುಗಳನ್ನು ಬದಲಿಸಬೇಕಾಗಿ ಬಂದಾಗ, ಹೊಸ ಲೋಹವನ್ನು ಆರಿಸುವ ಮೊದಲು ಹಳೆಯವು ಏಕೆ ಹಾಳಾದವು ಎಂಬುದನ್ನು ತಿಳಿಯಬೇಕೆಂದು ಕಳಚಿದ ಟ್ಯೂಬುಗಳನ್ನು ಸಾಲಾಗಿ ಇಡಿಸಿದೆ. ನಮ್ಮ ಹಿರಿಯ ಫಿಟ್ಟರ್ ಒಮ್ಮೆ ನೋಡಿದವರೇ, "ಸಾಹೇಬ್ರ, ಗ್ಯಾಸ್ ಪೈಪಿನ ಕಡೆ ಇದ್ದ ಟ್ಯೂಬ್ ಅಷ್ಟ ಸೀಳ್ಯಾವ ನೋಡ್ರಿ" ಎಂದರು.

ಕಾರಣ ಅಲ್ಲಿಯೇ ಇತ್ತು. ಮೊದಲ ಬಾಡಿಗೆ ಟರ್ಬೈನಿನಿಂದ ಹೊರಬಿದ್ದ ಎಕ್ಸಾಸ್ಟ್ ಸ್ಟೀಮ್ ಬರುತ್ತದೆ. ಮುಂದಿನವುಗಳಿಗೆ ಬರುವುದು ಕಬ್ಬಿನ ರಸದಿಂದಲೇ ಎದ್ದ ಆವಿ, ಅದರೊಡನೆ ಅಮೋನಿಯವೂ ಬರುತ್ತದೆ. ನಿರ್ವಾತದಲ್ಲಿ ನಡೆಯುವ ಬಾಡಿಗಳಿಗೆ ಗಾಳಿಯೂ ಸೋರಿಕೊಳ್ಳುವುದರಿಂದ, ತಣಿಸಿದರೂ ನೀರಾಗದ ಅನಿಲಗಳು ಒಟ್ಟುಗೂಡುವ ಗ್ಯಾಸ್ ಪೈಪಿನ ಕಡೆಯ ಮೂಲೆಯಲ್ಲಿ ಅಮೋನಿಯ ಮತ್ತು ಆಮ್ಲಜನಕ ಸೇರಿ ಹಿತ್ತಾಳೆಯನ್ನು ಬಿರುಕುಗೊಳಿಸುತ್ತವೆ.

ಹಿತ್ತಾಳೆಯ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕುವುದಕ್ಕೆ ಬಂದ ಆಕ್ಷೇಪ ಒಂದೇ: ಹಿತ್ತಾಳೆಯ ಉಷ್ಣವಾಹಕತೆ ಸುಮಾರು 110 W/m·K, ಸ್ಟೇನ್‌ಲೆಸ್ ಸ್ಟೀಲಿನ ಸಾಮಾನ್ಯ ದರ್ಜೆಯಾದ 304ರದು ಕೇವಲ 16. ಆದರೆ 1.2 ಮಿ.ಮೀ. ದಪ್ಪದ 304 ಗೋಡೆ ಶಾಖಕ್ಕೆ ಒಡ್ಡುವ ತಡೆಗಿಂತ ಅರ್ಧ ಮಿ.ಮೀ. ಸ್ಕೇಲ್ (ಟ್ಯೂಬಿನೊಳಗೆ ರಸದಿಂದ ಕಟ್ಟುವ ಗಟ್ಟಿ ಪದರ) ಒಡ್ಡುವ ತಡೆ ಆರೇಳು ಪಟ್ಟು ಹೆಚ್ಚು. ಸ್ಕೇಲ್ ದಟ್ಟವಾಗಿ ಕೂರುವ ಕೊನೆಯ ಬಾಡಿಯಲ್ಲಿ ಲೋಹದ ವಾಹಕತೆಯ ಚರ್ಚೆಗೆ ನಾನು ಹೆಚ್ಚು ತೂಕ ಕೊಡಲಿಲ್ಲ.

ನಿಜವಾದ ಯೋಚನೆ 304 ಮತ್ತು ಇನ್ನೊಂದು ಸ್ಟೇನ್‌ಲೆಸ್ ದರ್ಜೆಯಾದ 439ರ ನಡುವೆ ಇತ್ತು. ಸ್ಕೇಲ್ ತೆಗೆಯಲು ಕಾಸ್ಟಿಕ್ ಸೋಡಾ ಕುದಿಸಿದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆಯುವ ರೂಢಿ ನಮ್ಮಲ್ಲಿತ್ತು. ಎಕ್ಸ್‌ಪಾಂಡ್ ಮಾಡಿದ, ಅಂದರೆ ಟ್ಯೂಬ್ ಪ್ಲೇಟಿನ ರಂಧ್ರದಲ್ಲಿ ಬಿಗಿಯಾಗಲೆಂದು ಒಳಗಿನಿಂದ ಹಿಗ್ಗಿಸಿದ ಟ್ಯೂಬಿನ ತುದಿಯಲ್ಲಿ ಒತ್ತಡ ಉಳಿದಿರುತ್ತದೆ, ಅಲ್ಲಿ ಆ ಆಮ್ಲದ ಕ್ಲೋರೈಡ್ ನಿಂತು ಬಿಸಿಯಾದರೆ 304 ಬಿರಿಯುವ ಭಯವಿದೆ. ನಿಕ್ಕಲ್ ಬಹುತೇಕ ಇಲ್ಲದ, ಫೆರಿಟಿಕ್ ಎಂಬ ಗುಂಪಿನ 439ಕ್ಕೆ ಆ ಬಗೆಯ ಬಿರುಕು ಸುಲಭವಾಗಿ ತಗಲುವುದಿಲ್ಲ. ಕಾಯಿಸಿದಾಗ ಅದು ಹಿಗ್ಗುವ ಪ್ರಮಾಣವೂ ಮೈಲ್ಡ್ ಸ್ಟೀಲಿನ ಟ್ಯೂಬ್ ಪ್ಲೇಟಿಗೆ ಹತ್ತಿರವಿರುವುದರಿಂದ ಜೋಡಣೆ ಸಡಿಲವಾಗುವ ಸಂಭವ ಕಡಿಮೆ. ಹೀಗಾಗಿ 439 ಎಂದೇ ತೀರ್ಮಾನಿಸಿದೆ.

ಆದರೆ ಹೈಡ್ರೋಕ್ಲೋರಿಕ್ ಆಮ್ಲ 439ರಲ್ಲಿಯೂ ಗುಳಿ ಕೊರೆಯುತ್ತದೆ. ಆದ್ದರಿಂದ ಟ್ಯೂಬಿನ ಆರ್ಡರಿನ ಜೊತೆಗೇ ಆ ಆಮ್ಲವನ್ನು ನಿಲ್ಲಿಸಿ ಸಲ್ಫಾಮಿಕ್ ಆಮ್ಲ ಬಳಸುವಂತೆ, ಕೊನೆಯ ತೊಳೆತಕ್ಕೆ ಉಪ್ಪಿನಂಶದ ಬೋರ್‌ವೆಲ್ ನೀರನ್ನು ಬಿಟ್ಟು ಕಂಡೆನ್ಸೇಟ್ (ಆವಿ ತಣಿದು ಬಂದ ನೀರು) ಹಾಯಿಸುವಂತೆ ಬರೆಸಿದೆ. ಟ್ಯೂಬ್ ಕೂರಿಸುವ ಮುನ್ನ ಉಳಿದ ತುಂಡು ಪ್ಲೇಟಿನಲ್ಲಿ ಎಕ್ಸ್‌ಪಾಂಡರಿನ ಹಿಡಿತವನ್ನು ಹೊಂದಿಸಿಕೊಂಡೆವು. ತೆಳುವಾದ ಗೋಡೆಯನ್ನು ಹಿತ್ತಾಳೆಯಷ್ಟೇ ಬಲವಾಗಿ ಹಿಗ್ಗಿಸಬಾರದು.