ಕಮಾಂಡ್ ಮೂರು, ಪ್ರೋಗ್ರಾಂ ಒಂದೇ

ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನ ಲೆಕ್ಕ ಐಬಿಎಂ ಕಂಪನಿಯ ಎಎಸ್/400 ಕಂಪ್ಯೂಟರ್ ಮೇಲಿದೆ ಅಂದುಕೊಳ್ಳಿ. (ಈಗ ಅದರ ಆಪರೇಟಿಂಗ್ ಸಿಸ್ಟಂ ಹೆಸರು ಐಬಿಎಂ ಐ. ಹಳಬರ ಬಾಯಲ್ಲಿ ಇನ್ನೂ ಎಎಸ್/400.) ಚೀಲ ಬಂದರೆ ಜಮಾ ಮಾಡೋಕೆ ಒಂದು ಕಮಾಂಡ್, ಹೋದರೆ ಕಳೆಯೋಕೆ ಒಂದು, ಎಷ್ಟಿದೆ ನೋಡೋಕೆ ಇನ್ನೊಂದು. ಮೂರಕ್ಕೂ ಬೇರೆ ಬೇರೆ ಸಿಎಲ್ (ಅದರ ಕಮಾಂಡ್ ಭಾಷೆ) ಪ್ರೋಗ್ರಾಂ ಬರೆದರೆ, ನಾಳೆ ಫೈಲಿನಲ್ಲಿ ಒಂದು ಫೀಲ್ಡ್ ಬದಲಾದಾಗ ಮೂರು ಕಡೆ ತಿದ್ದಬೇಕು, ಅದರಲ್ಲಿ ಒಂದು ಕಡೆ ಮರೆತೇ ಹೋಗುತ್ತದೆ.

ಒಂದೇ ಪ್ರೋಗ್ರಾಂ ಸಾಕು. ಕರೆದದ್ದು ಯಾವ ಕಮಾಂಡ್ ಅಂತ ಅದಕ್ಕೆ ಗೊತ್ತಾಗಬೇಕು, ಅಷ್ಟೇ ಅಲ್ವಾ? ಅದಕ್ಕೆ ಸುಮ್ನೆ ಕಾಲ್ ಸ್ಟ್ಯಾಕ್ (ಯಾರು ಯಾರನ್ನು ಕರೆದರು ಅನ್ನೋ ಪಟ್ಟಿ) ಕೆದಕಬೇಡಿ. ಕಮಾಂಡ್ ಸೋರ್ಸ್‌ನಲ್ಲಿ ಒಂದೊಂದು ಪ್ಯಾರಾಮೀಟರ್‌ಗೆ ಒಂದೊಂದು ಪಾರ್ಮ್ ಸಾಲು, ಆ ಸಾಲಿನಲ್ಲಿ ಕಾನ್‌ಸ್ಟಂಟ್ ಅಂತ ಒಂದು ಕೀವರ್ಡ್ ಇದೆ. ಅಲ್ಲಿ ಬರೆದದ್ದು ಎಫ್4 ಒತ್ತಿ ಪ್ಯಾರಾಮೀಟರ್ ಪಟ್ಟಿ ತೆಗೆದರೂ ಪರದೆ ಮೇಲೆ ಕಾಣಲ್ಲ, ಬಳಸುವವರು ಬದಲಿಸೋಕೂ ಆಗಲ್ಲ, ಆದರೆ ನೇರ ಪ್ರೋಗ್ರಾಂಗೆ ಹೋಗಿ ಮುಟ್ಟುತ್ತದೆ.

ಮೂರೂ ಸೋರ್ಸ್‌ಗಳಲ್ಲಿ ಮೊದಲ ಪಾರ್ಮ್ ಇದೇ ಇರಲಿ: ಒಂದರಲ್ಲಿ ‘ಜಮಾ’, ಒಂದರಲ್ಲಿ ‘ಕಳೆ’, ಒಂದರಲ್ಲಿ ‘ನೋಡು’ ಅನ್ನೋ ಅರ್ಥದ ಚಿಕ್ಕ ಕೋಡ್. ಎರಡನೆಯದು ಮೆಣಸಿನಕಾಯಿ ತಳಿ. ಅದಕ್ಕೆ ಡಬ್ಬಿ, ಕಡ್ಡಿ ಎರಡೇ ಬೆಲೆ ಕೊಟ್ಟು ರಿಸ್ಟ್ರಿಕ್ಟ್ ಮಾಡಿಬಿಡಿ, ತಪ್ಪು ಟೈಪಿಂಗ್ ಅಲ್ಲೇ ನಿಲ್ಲುತ್ತದೆ. ಮೂರನೆಯದು ಎಷ್ಟು ಚೀಲ ಅನ್ನೋ ಸಂಖ್ಯೆ. ಆಮೇಲೆ ಕಮಾಂಡ್ ಹುಟ್ಟಿಸುವ ಸಿಆರ್‌ಟಿಸಿಎಂಡಿ ಮೂರು ಸಲ ಓಡಿಸಿ, ಪ್ರತಿ ಸಲವೂ ಪಿಜಿಎಂ ಜಾಗದಲ್ಲಿ ಅದೇ ಪ್ರೋಗ್ರಾಂ ಹೆಸರು. ಒಳಗೆ ಮೊದಲ ಪ್ಯಾರಾಮೀಟರ್ ನೋಡಿ ಸೆಲೆಕ್ಟ್–ವೆನ್ ಹಾಕಿದರೆ ಆಯ್ತು.

ಎಡವೋದು ಎಲ್ಲಿ ಅಂದರೆ, ಪ್ರೋಗ್ರಾಂ ಪಾರ್ಮ್‌ನ ಹೆಸರು ನೋಡಲ್ಲ, ಅದು ಬಂದ ಕ್ರಮ ನೋಡುತ್ತದೆ. ಕ್ರಮ, ಟೈಪ್, ಉದ್ದ ಮೂರೂ ಪ್ರೋಗ್ರಾಂನಲ್ಲಿ ವೇರಿಯಬಲ್ ಘೋಷಿಸುವ ಡಿಸಿಎಲ್ ಜೊತೆ ಹೊಂದಬೇಕು. ‘ನೋಡು’ ಕಮಾಂಡ್‌ಗೆ ಚೀಲದ ಸಂಖ್ಯೆ ಬೇಡ ಅಂತ ಆ ಸಾಲನ್ನೇ ತೆಗೆದರೆ ಹಳೇ ಬಗೆಯ ಸಿಎಲ್ (ಓಪಿಎಂ) ಕರೆಯುವಾಗಲೇ ಎಂಸಿಎಚ್0802 ಅನ್ನೋ ತಪ್ಪು ತೋರಿಸಿ ಬೀಳುತ್ತದೆ. ಹೊಸ ಬಗೆಯ ಸಿಎಲ್ (ಐಎಲ್ಇ) ಇನ್ನೂ ಕೆಟ್ಟದ್ದು, ಬಾಗಿಲಲ್ಲಿ ಏನೂ ಕೇಳದೆ ಒಳಗೆ ಬಿಟ್ಟು, ಆ ವೇರಿಯಬಲ್ ಮುಟ್ಟಿದಾಗ ಎಂಸಿಎಚ್3601 ಕೊಡುತ್ತದೆ. ಸಾಲು ಹಾಗೇ ಇರಲಿ, ಕಾನ್‌ಸ್ಟಂಟ್ ಸೊನ್ನೆ ಹಾಕಿ.

ಒಂದೇ ಕಮಾಂಡ್ ಮಾಡಿ ಆಯ್ಕೆ ಕೇಳಬಹುದಿತ್ತಲ್ಲ ಅಂತೀರಾ? ಕಮಾಂಡ್ ಬೇರೆ ಇದ್ದರೆ ಅಧಿಕಾರವೂ ಬೇರೆ ಕೊಡಬಹುದು: ಹಮಾಲರ ಲೆಕ್ಕ ಬರೆಯುವ ಹುಡುಗನಿಗೆ ‘ನೋಡು’ ಮಾತ್ರ, ‘ಕಳೆ’ ಮ್ಯಾನೇಜರ್‌ಗೆ. ಆದರೆ ಪ್ರೋಗ್ರಾಂ ಮೇಲೂ ಆ ಹುಡುಗನಿಗೆ ಅಧಿಕಾರ ಬೇಕಾಗುತ್ತದೆ, ಹಾಗಾಗಿ ಕಮಾಂಡ್ ಲೈನ್‌ನಿಂದ ನೇರ ಕಾಲ್ ಮಾಡದಂತೆ ಅವನ ಪ್ರೊಫೈಲ್‌ನಲ್ಲಿ ಲಿಮಿಟ್ ಕೆಪೆಬಿಲಿಟಿ ಯೆಸ್ ಮಾಡಿ, ‘ನೋಡು’ ಕಮಾಂಡ್‌ಗೆ ಮಾತ್ರ ಅಲೋ ಲಿಮಿಟೆಡ್ ಯೂಸರ್ (ಹಾಗೆ ಕಟ್ಟಿಹಾಕಿದವರೂ ಓಡಿಸಬಹುದು ಅನ್ನೋದು) ಯೆಸ್ ಕೊಡಿ.